ಕೊನೆಯ ಕಟ್ಟು ದುರ್ಗಾಳ ಹತ್ತಿರ

ಎದುರು ಸಿಕ್ಕವರನ್ನು ಊಟ ಆಯಿತೇ ಎಂದು ಕೇಳುವ ಅಭ್ಯಾಸ ನಮ್ಮ ಸುಂಕಲಮ್ಮನಿಗೆ ಇರಲೇ ಇಲ್ಲ. "ಏನ್ ಓದ್ತಿದ್ದೀಯಾ?" ಎಂದೇ ಕೇಳುತ್ತಿದ್ದಳು. ಕೇಳಿ ಸುಮ್ಮನಾಗುವ ಪೈಕಿಯೂ ಅಲ್ಲ. "ಎಲ್ಲೀಗಂಟ ಬಂತು? ಚೆನ್ನಾಗೈತಾ? ಯಾಕೆ ಚೆನ್ನಾಗಿಲ್ಲ?" ಎಂದು ಬೆನ್ನು ಹತ್ತುವಳು. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಇಂಥ ಪ್ರಶ್ನೆ ಯಾರು ಕೇಳುತ್ತಾರೆ ಹೇಳಿ? ನನ್ನನ್ನು ಮೊದಲ ಸಲ ಕೇಳಿದಾಗ, "ಕರೆಂಟ್ ಬಿಲ್ ಓದಾಕ ಹತ್ತೀನಿ. ಭಾಳ ಚಲೋ ಐತಿ, ಕಡೀಗೆ ಅಳು ಬರತೈತಿ" ಎಂದಿದ್ದೆ. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ಮರುದಿನ ಒಂದು ಪುಸ್ತಕ ತಂದು ನನ್ನ ಮಿಷನ್ನಿನ ಮೇಲೆ ಕುಕ್ಕಿ ಹೋದಳು.

ನಾನು ಲಲಿತಾ, ಇದೇ ಊರಿನವಳು. ಮನೆಯ ಮಾತು ಕನ್ನಡ, ಶಾಲೆಯಲ್ಲಿ ಕಲಿತ ಅಕ್ಷರ ತೆಲುಗು. ಆ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗ ಇದು ಬರಂಗಿಲ್ಲ, ತಗೊಂಡು ಹೋಗ್" ಎಂದರೆ, "ಹೂವಿನಂಗಡಿ ತೆಲುಗು ಬೋರ್ಡು ಓದ್ತೀಯಲ್ಲ, ಹೆಚ್ಚುಕಮ್ಮಿ ಅದೇ ಅಕ್ಷರ ಕಣೇ ಇದೂವೆ" ಎಂದು ಗದರಿದಳು. ಹಾಗೆ ಗದರಿಸಿಕೊಂಡೇ ನಾನು ಕನ್ನಡ ಓದಲು ಕಲಿತೆ. ಪ್ರೀತಿಯಿಂದ ಕಲಿಸಿದಳು ಎಂದರೆ ಸುಳ್ಳಾಗುತ್ತದೆ.

ಸುಂಕಲಮ್ಮ ಹುಟ್ಟಿದ್ದು ಮಡಕಶಿರದ ಆಚೆ, ರೊಳ್ಳದ ಹತ್ತಿರದ ಹಳ್ಳಿಯಲ್ಲಿ. ಕನ್ನಡ ಶಾಲೆ ಇದ್ದಷ್ಟು ದಿನ ಓದಿದಳು. ಆಮೇಲೆ ಅಮರಾಪುರದ ಕಡೆ ಕುರಿ ಸಾಕುವ ಮನೆಗೆ ಕೊಟ್ಟರು. ಅಲ್ಲಿಂದ ಒಂದು ಬೆಳಗ್ಗೆ ಒಂದೇ ಚೀಲ ಹಿಡಿದು ಹೊರಟು ಬಂದವಳು ಮತ್ತೆ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ. ಗಂಡ ಹೊಡೆದನೋ, ಅತ್ತೆ ಬೈದಳೋ, ನಾನು ಬಾಯಿ ಬಿಟ್ಟೇ ಕೇಳಿದ್ದೆ. "ಅದು ಓದಿ ಮುಗಿಸಿದ್ದು ಕಣೇ, ಬಿಡು" ಎಂದುಬಿಟ್ಟಳು. ಆದರೆ ಓದಿ ಮುಗಿಸಿದವಳ ಕಾಲು ಹೀಗೆ ಅಲೆಯುತ್ತದೆಯೇ? ನಿಂತೇ ಉಣ್ಣುವಳು. ಪುಸ್ತಕ ಹಿಡಿದರೆ ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ ಓದುವಳು. ಮಿಷನ್ ನಿಂತಾಗಲೂ ಆಕೆಯ ಪಾದ ಮಾತ್ರ ಕುಣಿಯುತ್ತಲೇ ಇರುವುದು. "ಒಂದ್ ಕಡೆ ಕುಂದ್ರವ್ವಾ ತಾಯಿ, ನನಗ ತಲಿ ತಿರುಗತೈತಿ" ಎಂದು ಎಷ್ಟು ಸಲ ಕೈಮುಗಿದಿದ್ದೇನೋ.

ಪುಸ್ತಕ ಕೊಡುತ್ತಿದ್ದವರು ದ್ರಾಕ್ಷಾಯಣಮ್ಮ ಟೀಚರ್. ನಿವೃತ್ತರಾಗಿ ಶೆಡ್ಡಿನ ಹಿಂದಿನ ಬೀದಿಯಲ್ಲೇ ಇದ್ದರು. ಅವರ ರವಿಕೆಗಳನ್ನು ಸುಂಕಲಮ್ಮ ಹೊಲಿದುಕೊಡುವಳು, ಅವರು ಬೀರುವಿನಿಂದ ಪುಸ್ತಕ ತೆಗೆದುಕೊಡುವರು. ಒಂದು ಸಲ ಕೊಟ್ಟದ್ದಕ್ಕೆ ರಟ್ಟೂ ಇರಲಿಲ್ಲ, ಹೆಸರಿನ ಹಾಳೆಯೂ ಇರಲಿಲ್ಲ, ಹೊಲಿಗೆ ಬಿಚ್ಚಿ ಹಾಳೆಗಳು ಕಿತ್ತು ಬಂದಿದ್ದವು. ಆಗ ಸುಂಕಲಮ್ಮನಿಗೆ ಒಂದು ಯೋಚನೆ ಹೊಳೆಯಿತು.

ನಮ್ಮಲ್ಲಿ ಒಂದು ಪ್ಯಾಂಟನ್ನು ಒಬ್ಬರೇ ಪೂರ್ತಿ ಹೊಲಿಯುವುದಿಲ್ಲ. ರೇವತಿ ಜೇಬು ಹಚ್ಚುತ್ತಾಳೆ, ನಾನು ಪಕ್ಕ ಹೊಲಿಯುತ್ತೇನೆ, ಸುಂಕಲಮ್ಮ ಸೊಂಟದ ಬೆಲ್ಟು ಕೂಡಿಸುತ್ತಾಳೆ, ದುರ್ಗಾ ಕಾಲಿನ ಅಂಚು ಮಡಿಸಿ ಮುಗಿಸುತ್ತಾಳೆ. ತುಂಡುಗಳನ್ನು ಕಟ್ಟು ಕಟ್ಟಿ ಕೈಯಿಂದ ಕೈಗೆ ದಾಟಿಸುವುದು. ಪುಸ್ತಕವನ್ನೂ ಆಕೆ ಹಾಗೇ ನಾಲ್ಕು ಪಾಲು ಮಾಡಿ, ಜೀನ್ಸ್ ಬಟ್ಟೆಯ ಪಟ್ಟಿಯಿಂದ ಗಂಟು ಹಾಕಿ, ನಾಲ್ವರಿಗೂ ಹಂಚಿದಳು. ಅವರವರ ಕಟ್ಟು ಅವರವರು ಓದಬೇಕು. ಕರೆಂಟು ಹೋದಾಗ ಮೊದಲ ಕಟ್ಟಿನವಳಿಂದ ಸರದಿಯಂತೆ ಕಥೆ ಹೇಳಬೇಕು, ಹೇಗಿದೆ ಎಂದೂ ಹೇಳಬೇಕು. ಸರದಿ ಬರುವ ತನಕ ಬಾಯಿ ಬಿಡುವ ಹಾಗಿಲ್ಲ. ಆಗಿನ ಕರೆಂಟು ನಿಮಗೆ ಗೊತ್ತಲ್ಲ, ಬರುವುದಕ್ಕಿಂತ ಹೋಗುವುದೇ ಹೆಚ್ಚು. ಮಾಲೀಕ ಜಂಬಯ್ಯ ಹೊರಗೆ ನಿಂತು ಲೈನ್‌ಮನ್‌ನ ವಂಶವನ್ನೆಲ್ಲ ಬೈಯುತ್ತಿದ್ದರೆ, ನಾವು ಒಳಗೆ ಜೀನ್ಸಿನ ನೀಲಿ ಹತ್ತಿದ ಬೆರಳಲ್ಲಿ ಹಾಳೆ ತಿರುವುತ್ತಿದ್ದೆವು.

ಕಥೆ ಚೆನ್ನಾಜಮ್ಮ ಎಂಬವಳದು. ರೇವತಿಯ ಕಟ್ಟಿನಲ್ಲಿ ಆಕೆ ಹುಟ್ಟಿದಳು, ಮಗ್ಗದ ಮನೆಯ ಒಬ್ಬಳೇ ಮಗಳು, ಮದುವೆಯಾಯಿತು. ನನ್ನ ಕಟ್ಟಿನಲ್ಲಿ ಗಂಡನ ಮನೆಯ ಜಗಳ, ಬೆಳಗಿನ ಜಾವ ಮನೆ ಬಿಟ್ಟಳು. ಸುಂಕಲಮ್ಮನ ಕಟ್ಟಿನಲ್ಲಿ ಪಟ್ಟಣದ ಎಣ್ಣೆ ಗಿರಣಿ, ಮೈ ಮುರಿಯುವ ಕೆಲಸ, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಆ ಕಟ್ಟು ಮುಗಿಯುವಾಗ ಚೆನ್ನಾಜಮ್ಮ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ, ತವರಿನ ಕಡೆ ಹೋಗುವ ಬಸ್ಸು ಎದುರಿಗೆ ಬಂದು ನಿಂತಿದೆ.

"ಹತ್ತಲ್ಲ ಕಣ್ರೇ. ನೋಡ್ತಾ ಇರಿ, ಹತ್ತಲ್ಲ" ಎಂದಳು ಸುಂಕಲಮ್ಮ.

"ಯಾಕ ಹತ್ತಬಾರದು? ಆಕಿಗೆ ಅವ್ವ ಇಲ್ಲೇನು? ನೋಡಬೇಕು ಅನಸಂಗಿಲ್ಲೇನು?" ಎಂದಳು ರೇವತಿ.

"ಹೊಸಿಲು ದಾಟಿದೋಳು ವಾಪಸ್ ಬಂದ್ರೆ ದಾಟಿದ್ದಕ್ಕೆ ಏನೇ ಬೆಲೆ? ಅವಳೇನಾದ್ರೂ ಹತ್ತಿದ್ರೆ ನಾನವಳ ಮುಖ ನೋಡಲ್ಲ."

"ನೀ ನೋಡದಿದ್ರ ಆಕಿಗೇನ್ ಊಟ ಸೇರಂಗಿಲ್ಲೇನು?" ಎಂದೆ ನಾನು. ದುರ್ಗಾ ಮಾತ್ರ ನಗಲಿಲ್ಲ. ಕೊನೆಯ ಕಟ್ಟು ತೊಡೆಯ ಮೇಲಿಟ್ಟುಕೊಂಡು ಅದರ ಗಂಟನ್ನು ಸವರುತ್ತಾ ಕೂತಿದ್ದಳು. ಆಕೆಯ ಸರದಿ ಬರುವಷ್ಟರಲ್ಲಿ ಹಾಳಾದ ಕರೆಂಟು ಬಂತು.

ದುರ್ಗಾ ಭೈರವಾನಿತಿಪ್ಪದ ಹುಡುಗಿ, ನಮ್ಮೆಲ್ಲರಿಗಿಂತ ಚಿಕ್ಕವಳು. ಮನೆಯಲ್ಲಿ ಇದ್ದದ್ದು ಅಮ್ಮ, ನಾಲ್ಕಾರು ಕುರಿ. ಅದೇ ವಾರ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತೆಂದು ಹೊರಟು ನಿಂತಳು. ಅಮ್ಮ ಬೇಡವೆಂದು ಅತ್ತರೂ ಕೇಳಲಿಲ್ಲ. ನಮಗೆಲ್ಲ ಮಂಡಕ್ಕಿ, ಮಿರ್ಚಿ ಕೊಡಿಸಿ, "ಇನ್ನ ಈ ಧೂಳಿನಾಗ ನಾ ಕಾಲಿಡಂಗಿಲ್ಲ ನೋಡ್ರಿ" ಎಂದು ಜಂಬ ಕೊಚ್ಚಿ ಬಸ್ಸು ಹತ್ತಿದಳು. ಸುಂಕಲಮ್ಮ ಬೆನ್ನು ತಟ್ಟಿ ಕಳಿಸಿದಳು. ಮುಂದಿನ ಸಲ ಕರೆಂಟು ಹೋದಾಗಲೇ ನಮಗೆ ನೆನಪಾದದ್ದು, ಕೊನೆಯ ಕಟ್ಟು ಆಕೆಯ ಚೀಲದಲ್ಲೇ ಹೋಗಿತ್ತು.

ಅಲ್ಲಿಂದ ಶುರುವಾಯಿತು ನೋಡಿ ಸುಂಕಲಮ್ಮನ ಒದ್ದಾಟ. ಚೆನ್ನಾಜಮ್ಮ ಬಸ್ಸು ಹತ್ತಿದಳೋ ಇಲ್ಲವೋ. ನೀರಿಗೆಂದು ಹೋದವಳು ಖಾಲಿ ಕೊಡ ಹಿಡಿದು ವಾಪಸ್ ಬರುವಳು. ಬೆಲ್ಟನ್ನು ತಿರುವು ಮುರುವು ಹಚ್ಚಿ ಜಂಬಯ್ಯನ ಕೈಯಲ್ಲಿ ಬೈಸಿಕೊಳ್ಳುವಳು. ಟೀಚರನ್ನು ಕೇಳೋಣವೆಂದರೆ ಅವರು ಮಗಳ ಬಾಣಂತನಕ್ಕೆ ಬಳ್ಳಾರಿಗೆ ಹೋಗಿದ್ದರು. "ಕಥಿ ಅಲ್ಲೇನವ್ವಾ ಅದು? ಹತ್ತಿದ್ರ ಹತ್ತಲಿ ಬಿಡು" ಎಂದರೆ ನನ್ನನ್ನೇ ನುಂಗುವ ಹಾಗೆ ನೋಡುವಳು. ಆಕೆಗೆ ಅದು ಕಥೆಯಾಗಿರಲಿಲ್ಲ. ತಾನು ಮಾಡಿದ್ದು ಸರಿ ಎಂದು ಯಾರೋ ಅಚ್ಚು ಹಾಕಿಸಿ ಹೇಳಬೇಕಿತ್ತು, ಅಷ್ಟೇ.

ಫ್ಯಾಕ್ಟರಿಯಲ್ಲಿ ದುರ್ಗಾಳಿಗೆ ಫೋನು ತೆಗೆಯಲು ಬಿಡುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಸಿಕ್ಕಳು. ನಮ್ಮ ಮನೆಯ ಕಟ್ಟೆಯ ಮೇಲೆ ನನ್ನ ಫೋನನ್ನು ಸ್ಪೀಕರಿಗೆ ಹಾಕಿ ನಾನೂ ರೇವತಿಯೂ ಬಗ್ಗಿ ಕೂತೆವು. ಸುಂಕಲಮ್ಮ ಕೂರಲಿಲ್ಲ, ನಿಂತಳು. "ಹೆಂಗಿದ್ದೀಯಾ" ಎಂದೂ ಕೇಳದೆ, "ಹತ್ತಿದ್ಲಾ, ಇಲ್ವಾ? ಅದನ್ನ ಮೊದ್ಲು ಹೇಳು" ಎಂದಳು.

ದುರ್ಗಾ ಹೇಳಿದಳು. "ಹತ್ತಿದಳಕ್ಕ. ಊರಿಗೆ ಬಂದಳು. ಸಂಜಿ ಆಗಿತ್ತು. ಬಾಗಲ ತೆರದ ಇತ್ತು. ಹೊಸ್ತಿಲ ಬಾಜುಕ ಒಂದು ಕರೇ ಕುರಿಮರಿ ಕಟ್ಟಿತ್ತು. ಆಕಿ ಅವ್ವ ಒಳಗ ರೊಟ್ಟಿ ಬಡಿಯಾಕ ಹತ್ತಿದ್ಲು. ತಲಿ ಎತ್ತಿ ನೋಡಿ, ಕೈಕಾಲ್ ತೊಳಕೊಂಡ್ ಬಾ, ರೊಟ್ಟಿ ಬಿಸಿ ಅದಾವ ಅಂದ್ಲು. ಯಾಕ ಬಂದಿ ಅಂತ ಯಾರೂ ಕೇಳಲಿಲ್ಲಕ್ಕ. ಅಷ್ಟ. ಅಲ್ಲಿಗೆ ಮುಗೀತು."

ರೇವತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

"ಥೂ!" ಎಂದಳು ಸುಂಕಲಮ್ಮ. "ಇದಕ್ಕಾ ಇಷ್ಟು ದಿನ ಕಾದಿದ್ದು? ಬರೆದೋನಿಗೆ ಬುದ್ಧಿ ಇಲ್ಲ."

"ಬಂದಿದ್ದು ತಪ್ಪೇನಕ್ಕ?" ದುರ್ಗಾಳ ದನಿ ಸಣ್ಣಗಿತ್ತು.

"ತಪ್ಪೇ! ನೂರು ಸಲ ತಪ್ಪು!"

"ಹೌದಲ್ಲಕ್ಕ" ಎಂದು ದುರ್ಗಾ ಫೋನಿಟ್ಟಳು.

ಆಮೇಲೆ ಸುಂಕಲಮ್ಮನ ಜೊತೆ ಏಗುವುದು ಯಾರಿಂದಲೂ ಆಗಲಿಲ್ಲ. ಚಹಾದವನ ಹತ್ತಿರವೂ ಚೆನ್ನಾಜಮ್ಮನ ವಿಷಯ ತೆಗೆದು ಜಗಳಕ್ಕೆ ನಿಲ್ಲುವಳು. ಪಾಪ, ಅವನು ಯಾರೋ ನಿಜವಾದ ಹೆಂಗಸೆಂದು ತಿಳಿದು, "ಪೋನೀಲೇಮ್ಮಾ, ಹೋಗ್ಲಿ ಬಿಡು, ಸಂಸಾರ ಅಂದ್ಮ್ಯಾಲೆ ಹಂಗ" ಎಂದು ಸಮಾಧಾನ ಹೇಳುತ್ತಿದ್ದ.

ಟೀಚರ್ ಬಳ್ಳಾರಿಯಿಂದ ಬಂದರೆಂದು ಗೊತ್ತಾದ ಕೂಡಲೇ, ಇದ್ದ ಮೂರು ಕಟ್ಟು ಹಿಡಿದು ಹೋದಳು. ನನ್ನನ್ನೂ ಎಳೆದುಕೊಂಡು ಹೋದಳು. ಟೀಚರ್ ಹಾಳೆಗಳನ್ನು ಬಿಡಿಸಿ, "ಏನ್ರೇ ಇದು, ಪುಸ್ತಕ ಓದಿದ್ರೋ, ಬಣ್ಣಕ್ಕ ಹಾಕಿದ್ರೋ?" ಎಂದು ನೀಲಿ ಹೆಬ್ಬೆಟ್ಟುಗಳನ್ನು ತೋರಿಸಿ ನಕ್ಕರು. "ಇರ್ಲಿ, ಹೆಂಗೈತಿ ಹೇಳು."

ಕಾದು ನಿಂತವಳ ಹಾಗೆ ಸುಂಕಲಮ್ಮ ಶುರುಮಾಡಿದಳು. ಕಥೆ ಎಲ್ಲ ಸರಿಯಂತೆ, ಕಡೆಯಲ್ಲಿ ಕೆಟ್ಟಿತಂತೆ, ಅಷ್ಟು ಗಟ್ಟಿ ಹೆಂಗಸು ಬಸ್ಸು ಹತ್ತಿ ತವರಿಗೆ ಬಂದು ರೊಟ್ಟಿ ತಿಂದಳು ಎಂದರೆ ಯಾರು ನಂಬುತ್ತಾರಂತೆ.

ಟೀಚರ್ ಕನ್ನಡಕ ತೆಗೆದರು. "ಯಾರು ಹೇಳಿದ್ರು ನಿನಗ? ಆಕಿ ಬಸ್ ಹತ್ತಂಗೇ ಇಲ್ಲ. ಬಸ್ ಧೂಳೆಬ್ಬಿಸಿಕೊಂಡು ಹೋಗತೈತಿ, ಆಕಿ ತಿರುಗಿ ಗಿರಣಿ ಕಡೆ ನಡಕೊಂಡು ಹೋಗತಾಳ. ಹಂಗ ಮುಗಿಯೋದು. ನಾ ಎಷ್ಟು ಸಲ ಓದೀನಿ."

ಸುಂಕಲಮ್ಮ ಗೆದ್ದಿದ್ದಳು. ಇನ್ನು ಶೆಡ್ಡಿನಲ್ಲಿ ನಮ್ಮನ್ನು ಬದುಕಗೊಡುವುದಿಲ್ಲ ಎಂದುಕೊಂಡು ಆಕೆಯ ಕಡೆ ತಿರುಗಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಹೊರಗೆ ಬಂದವಳು ಟೀಚರ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಕೆ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಪಾದ ಕೂಡ ಅಲ್ಲಾಡುತ್ತಿರಲಿಲ್ಲ. ನನಗೆ ಭಯವಾಯಿತು.

"ಮಗ್ಗದ ಮನೆಗೆ ಕುರಿಮರಿ ಎಲ್ಲಿಂದ ಬಂತೇ, ಲಲಿತಾ?" ಎಂದಳು.

ಆಗ ನನ್ನ ತಲೆಗೂ ಹೊಳೆಯಿತು. ಹೊಸಿಲ ಪಕ್ಕ ಕುರಿಮರಿ ಕಟ್ಟುವುದು ಭೈರವಾನಿತಿಪ್ಪದ ದುರ್ಗಾಳ ಮನೆಯಲ್ಲಿ. ಆಕೆ ಹೇಳಿದ್ದು ಆ ಪುಸ್ತಕದ ಕಥೆಯನ್ನಲ್ಲ.

"ಬರಬಹುದಾ ಅಂತ ಅವಳು ನನ್ನ ಕೇಳಿದ್ಲು ಕಣೇ. ನಾನು ನೂರು ಸಲ ತಪ್ಪು ಅಂದೆ." ಆಕೆಯ ಕಣ್ಣಿಂದ ನೀರು ದಳದಳ ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನನಗೆ ಬಾಗಿಲು ತೆಗೆದಿಟ್ಟೋರು ಯಾರೂ ಇರ್ಲಿಲ್ಲ, ಅದಕ್ಕೆ ನಾನು ಹೋಗ್ಲಿಲ್ಲ. ಅದನ್ನೇ ದೊಡ್ಡ ಧೈರ್ಯ ಅಂತ ಹೇಳ್ಕೊಂಡು ತಿರುಗ್ದೆ. ಅವಳಿಗೆ ಅಮ್ಮ ಇದ್ದಾಳಲ್ಲೇ."

ಫೋನು ಹಚ್ಚಿದೆವು. ಸ್ವಿಚ್ ಆಫ್. ಮತ್ತೆ ಹಚ್ಚಿದೆವು. ಅದೇ. ಸುಂಕಲಮ್ಮ ಎದ್ದು ಸೀದಾ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮಿಷನ್ನಿನಲ್ಲಿ ಅರ್ಧ ಹೊಲಿದ ಬೆಲ್ಟು ಹಾಗೇ ಇತ್ತು. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ.

ಬೆಂಗಳೂರಿನ ಫ್ಯಾಕ್ಟರಿಯ ಗೇಟಿನಲ್ಲಿ ಏನಾಯಿತೆಂದು ದುರ್ಗಾ ಆಮೇಲೆ ಹೇಳಿದಳು. ಹೆಂಗಸರ ಹಿಂಡು ಹೊರಗೆ ಬರುತ್ತಿದ್ದಾಗ ಎದುರಿಗೇ ಸುಂಕಲಮ್ಮ ನಿಂತಿದ್ದಳಂತೆ. ಸೊರಗಿದ್ದೀಯಾ ಅನ್ನಲಿಲ್ಲ, ಅಳಬೇಡ ಅನ್ನಲಿಲ್ಲ. "ಟೀಚರಮ್ಮ ಪುಸ್ತಕ ಕೇಳ್ತಾವ್ರೆ. ಕೊನೇ ಕಟ್ಟು ನಿನ್ ಹತ್ರ ಐತೆ. ನೀನೇ ಬಂದು ಕೊಡ್ಬೇಕಂತೆ" ಎಂದಳಂತೆ. ಇಡೀ ದಾರಿ ಬಸ್ಸಿನಲ್ಲಿ ದುರ್ಗಾಳ ಕೈ ಹಿಡಿದೇ ಇದ್ದಳಂತೆ.

ರಾಯದುರ್ಗಕ್ಕೆ ಬಂದಿಳಿದಾಗ ಭೈರವಾನಿತಿಪ್ಪದ ಬಸ್ಸಿಗೆ ಇನ್ನೂ ಹೊತ್ತಿತ್ತು. ದುರ್ಗಾಳನ್ನು ಹೊರಗೆ ನಿಲ್ಲಿಸಿ ಸುಂಕಲಮ್ಮ ಮೊದಲು ತಾನೊಬ್ಬಳೇ ಶೆಡ್ಡಿಗೆ ನುಗ್ಗಿದಳು. "ಯಾಕೆ ಬಂದೆ ಅಂತ ಯಾವಳಾದ್ರೂ ಕೇಳಿದ್ರೋ, ಈ ಕತ್ತರೀಲಿ ನಾಲಿಗೆ ಕತ್ತರಿಸ್ತೀನಿ." ದುರ್ಗಾ ಬಂದು ತನ್ನ ಹಳೆಯ ಜಾಗದಲ್ಲಿ ಕೂತಳು. ನಾವೆಲ್ಲ ಹೊಲಿಗೆಯ ಮೇಲೆಯೇ ಕಣ್ಣು ನೆಟ್ಟೆವು. ಈ ಕಾನೂನು ಗೊತ್ತಿಲ್ಲದ ಜಂಬಯ್ಯ ಒಳಗೆ ಬಂದು, "ಏನವ್ವಾ ದುರ್ಗಾ, ಯಾಕ..." ಎಂದು ಬಾಯಿ ತೆರೆದ. ಎಲ್ಲ ಹೆಂಗಸರೂ ಒಟ್ಟಿಗೆ ತಲೆ ಎತ್ತಿ ನೋಡಿದೆವು. "...ಚಹಾ ಕುಡದ್ಯೇನವ್ವಾ?" ಎಂದು ಹೊರಗೆ ಹೋದ.

ಕರೆಂಟು ಹೋಯಿತು. ದುರ್ಗಾ ಚೀಲದಿಂದ ಕಟ್ಟು ತೆಗೆದು ಸುಂಕಲಮ್ಮನ ಮುಂದೆ ಇಟ್ಟಳು. ಸುಂಕಲಮ್ಮ ಹಾಕಿದ್ದ ಗಂಟು ಹಾಗೇ ಇತ್ತು.

"ಬಿಚ್ಚೇ ಇಲ್ವಲ್ಲೇ!"

"ಬಿಚ್ಚಾಕ ಧೈರ್ಯ ಆಗಲಿಲ್ಲಕ್ಕ" ಎಂದಳು ದುರ್ಗಾ. "ಆಕಿ ಬರಲಿಲ್ಲ ಅಂತ ಬರ್ದಿದ್ರ?"

ಟೀಚರ್ ಹೇಳಿದ್ದನ್ನು ನಾನು ಅಷ್ಟರಲ್ಲಿ ಶೆಡ್ಡಿಗೆಲ್ಲ ಸಾರಿದ್ದೆ. ಈಗ ರೇವತಿ ನನ್ನನ್ನು ನೋಡಿದಳು, ನಾನು ಸುಂಕಲಮ್ಮನನ್ನು ನೋಡಿದೆ. ತನ್ನ ಅಭಿಪ್ರಾಯಕ್ಕಾಗಿ ಚಹಾದವನನ್ನೂ ಬಿಡದ ಹೆಂಗಸು ಅದು. ಸುಂಕಲಮ್ಮ ಆ ಕಟ್ಟನ್ನು ಎತ್ತಿ ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೇ ಗಟ್ಟಿಯಾಗಿ ಕೂತಳು.

"ಬಂದ್ಲು ಕಣೇ" ಎಂದಳು. "ಟೀಚರಮ್ಮನೇ ಹೇಳಿದ್ರು. ಬಿಸಿ ರೊಟ್ಟಿ ತಿಂದ್ಲಂತೆ."