ಹುಣಸೆ ಬೀಜದ ಪಣ

ಸೊಸೆ ಅಂಗಳದಲ್ಲಿ ಚಾಪೆ ಹಾಸಿಕೊಂಡು ಹೊಸ ಹುಣಸೆಹಣ್ಣು ಜಜ್ಜಿ ಬೀಜ ಬೇರ್ಪಡಿಸುತ್ತಿದ್ದಾಳೆ. ಬಿಸಿಲೇರಿದಂತೆ ಹುಳಿಯ ಕಂಪು ಪಡಸಾಲೆಯವರೆಗೂ ಬರುತ್ತಿದೆ. ನಡುವೆ ಒಮ್ಮೆ ತಲೆಯೆತ್ತಿ, “ಮಾವಾ, ಗುಳಿಗಿ ತಗೊಂಡ್ರೇನ್ರಿ?” ಎಂದು ಕೇಳಿದಳು. “ಹ್ಞೂಂನವ್ವಾ, ತಗೊಂಡೆ” ಎಂದೆ. ಗುಳಿಗೆ ಗೋಡೆಯ ಗೂಡಿನಲ್ಲಿ ನನ್ನನ್ನೇ ನೋಡುತ್ತ ಕುಳಿತಿತ್ತು. ಅದು ಬಲು ಕಹಿ. ಕಹಿಯನ್ನು ಗೆಲ್ಲುವ ಬಗೆಯನ್ನು ಶಾಸ್ತ್ರಗಳಲ್ಲಿ ಸಾಕಷ್ಟು ಓದಿದ್ದೇನೆ. ನುಂಗುವ ಹೊತ್ತಿಗೆ ಒಂದೂ ನೆನಪಾಗುವುದಿಲ್ಲ.

ಅಷ್ಟರಲ್ಲಿ ಚಾಪೆಯಿಂದ ಸಿಡಿದ ಬೀಜವೊಂದು ಉರುಳಿ ನನ್ನ ಪಾದಕ್ಕೆ ತಾಗಿ ನಿಂತಿತು. ಎತ್ತಿಕೊಂಡೆ. ನುಣ್ಣಗೆ, ತಣ್ಣಗೆ, ಎಣ್ಣೆ ಸವರಿದಂತೆ ಹೊಳೆಯುವ ಕಂದು ಬೀಜ. ನಿಮಗೆ ಅದು ಹುಣಸೆ ಬೀಜ. ನನಗೆ ಅದು ಗುರುಲಿಂಗಪ್ಪ.

ಗುರುಲಿಂಗಪ್ಪ ಹುಮನಾಬಾದಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ತೊಗರಿಯ ಅಡತಿ ವ್ಯಾಪಾರ ಮಾಡುತ್ತಿದ್ದವನು. ದೀಕ್ಷೆ ಪಡೆದ ದಿನ ಗುರುವಿನ ಪಾದ ಮುಟ್ಟಿ, ಬಾಯಿಂದ ಸುಳ್ಳಾಡೆನೆಂದು ನೇಮ ಹಿಡಿದಿದ್ದ. ವ್ಯಾಪಾರಿಗೆ ಇಂಥ ನೇಮವೇ ಎಂದು ಮೊದಮೊದಲು ಗಂಜಿನವರು ನಕ್ಕರು. ಆಮೇಲೆ ಅವನು ಕಾಳನ್ನು ಹಲ್ಲಿನಿಂದ ಕಡಿದು “ಇದು ಹಸಿ ಅದ” ಎಂದರೆ ಕೊಳ್ಳುವವನೂ ಮಾರುವವನೂ ಮರುಮಾತಾಡದೆ ಎದ್ದು ಹೋಗುವಂತಾಯಿತು. ಅವನ ಮಾತನ್ನು ಎರಡನೆಯ ಸಲ ಕೇಳಿದವರನ್ನು ನಾನು ಕಾಣೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ದೀಪಾವಳಿಯಲ್ಲಿ ನಮ್ಮ ಆಟ ಆರಂಭವಾಯಿತು. ಬಸವಕಲ್ಯಾಣದ ಕೆಲವರು, ಹುಮನಾಬಾದಿನ ಕೆಲವರು, ಎಲ್ಲರೂ ಒಂದೇ ಶಾಲೆಯ ಜಗಲಿಯಲ್ಲಿ ಛಡಿಯೇಟು ತಿಂದವರು. ಪಾಡ್ಯದ ಮಧ್ಯಾಹ್ನ ಪೂಜೆ, ಊಟ ಮುಗಿಸಿ ಒಬ್ಬರ ಮನೆಯಲ್ಲಿ ಸೇರುವುದು, ಜಮಖಾನೆ ಹಾಸಿ ಮೂರೆಲೆಯ ಇಸ್ಪೀಟು ಆಡುವುದು. ಶಿವಪಾರ್ವತಿಯರೇ ಕೈಲಾಸದಲ್ಲಿ ಪಗಡೆಯಾಡಿದರೆಂಬ ಪುರಾಣದ ನೆರಳು ನಮಗಿತ್ತು. ಆದರೂ ಪಣ ಹಣದ್ದಾಗಬಾರದೆಂದು ಗುರುಲಿಂಗಪ್ಪನ ಪಟ್ಟು. “ರೊಕ್ಕ ಹಚ್ಚಿದ್ರ ಜೂಜು, ಬೀಜ ಹಚ್ಚಿದ್ರ ಆಟ” ಎಂದು ಹೇಳಿ ಅವನೇ ಹುಣಸೆ ಬೀಜದ ಚೀಲ ತಂದಿದ್ದ. ಎಲ್ಲರ ಬೀಜ ಗೆದ್ದವನ ತಲೆಗೆ ಉಳಿದವರು ಸೇರಿ ಒಂದು ಕೆಂಪು ರುಮಾಲು ಸುತ್ತುತ್ತಿದ್ದೆವು. ಮುಂದಿನ ಪಾಡ್ಯದವರೆಗೆ ಅದು ಅವನ ಮನೆಯ ಗೂಟದಲ್ಲಿ ಮೆರೆಯುತ್ತಿತ್ತು.

ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಕೈಯಲ್ಲಿ ಒಳ್ಳೆಯ ಎಲೆ ಇಲ್ಲದವನೂ ಧೈರ್ಯದಿಂದ ಬೀಜದ ಮೇಲೆ ಬೀಜ ಹಾಕಿ ಎದುರಿನವನನ್ನು ಹೆದರಿಸಬಹುದು. ಹೆದರಿದವನು ಎಲೆ ಮಡಚಿಟ್ಟರೆ ಸೋತ. ಹೆದರದವನು ತಾನೂ ಬೀಜ ಹಾಕಿ “ತೋರಸು” ಎಂದರೆ ಇಬ್ಬರ ಎಲೆಯೂ ಬಯಲು. ಮೊದಲ ವರ್ಷವೇ ಗುರುಲಿಂಗಪ್ಪ ತಕರಾರು ತೆಗೆದ. ಎಲೆ ಇಲ್ಲದೆ ಇದ್ದಂತೆ ತೋರಿಸುವುದು ಸುಳ್ಳಲ್ಲವೇ? ಎಲ್ಲರೂ ಶಾಲಾ ಪಂಡಿತನಾದ ನನ್ನ ಕಡೆ ತಿರುಗಿದರು. ನಾನು ಶಲ್ಯ ಸರಿಪಡಿಸಿಕೊಂಡು, ಅನೃತವು ವಾಕ್ಕಿನ ದೋಷ, ಕೈಗೆ ನಾಲಗೆ ಇಲ್ಲ, ಆದುದರಿಂದ ಬೀಜ ಹಾಕುವುದು ಸುಳ್ಳಲ್ಲ ಎಂದು ತೀರ್ಪಿತ್ತೆ. ಇಸ್ಪೀಟಿನ ಮುಂದೆ ಕುಳಿತು ಶಾಸ್ತ್ರ ನುಡಿದವನ ಗಾಂಭೀರ್ಯವನ್ನು ನೀವು ಊಹಿಸಿಕೊಂಡು ನಗಬಹುದು.

“ಮಾಸ್ತರ್ರು ಅಂದ್ರ ಆತು. ಖರೆ, ಕೈಯಾಗ ಏನದ ಅಂತ ಯಾರರ ಕೇಳಿದ್ರ ಹೇಳೇಬಿಡ್ತೀನಿ, ನೋಡ್ರಿ” ಎಂದ ಗುರುಲಿಂಗಪ್ಪ.

ಅಂದಿನಿಂದ ನಮ್ಮಲ್ಲೊಂದು ಕಟ್ಟಳೆ ಬೆಳೆಯಿತು. ಹೆಂಡತಿಯ ತವರಿನಿಂದ ಹಿಡಿದು ತಲೆಯ ಬೋಳಿನವರೆಗೆ ಯಾರನ್ನು ಏನು ಬೇಕಾದರೂ ಹಂಗಿಸಬಹುದು. ಗುರುಲಿಂಗಪ್ಪನಿಗೆ ಆ ಒಂದು ಪ್ರಶ್ನೆ ಮಾತ್ರ ಕೇಳಬಾರದು. ಅವನ ನೇಮವನ್ನು ಅವನೊಬ್ಬನೇ ಅಲ್ಲ, ನಾವೆಲ್ಲ ಸೇರಿ ಕಾಯುತ್ತಿದ್ದೆವು. ಬಸವಕಲ್ಯಾಣದ ದರ್ಜಿ ವೈಜನಾಥ ಮಾತ್ರ ಆ ಗೆರೆಯ ಅಂಚಿನಲ್ಲಿ ಕುಣಿಯುತ್ತಿದ್ದ. “ಅಣ್ಣಾ, ಕೈಯಾಗ...” ಎಂದು ರಾಗ ಎಳೆಯುವನು. ಎಲ್ಲರೂ ಉಸಿರು ಬಿಗಿಹಿಡಿಯುವರು. “...ಕೈಯಾಗಿನ ಚೂಡಾ ಮುಗದದ, ಇನ್ನೊಂದಿಷ್ಟು ಹಾಕಸ್ಲೇನ್ರಿ?” ಗುರುಲಿಂಗಪ್ಪ ಬೀಜ ತೆಗೆದು ಅವನತ್ತ ಒಗೆಯುವನು: “ಮಂಗ್ಯಾ, ನಿನ್ನ ನಾಲಿಗಿಗೆ ಕಾಜಾ ಹೊಲೀಬೇಕು!” ವಯಸ್ಸಿನಲ್ಲಿ ಕಿರಿಯನಾದ ವೈಜನಾಥನ ಮೇಲೆ ಅವನಿಗೆ ಒಡಹುಟ್ಟಿದವನ ಮೇಲಿನ ಅಕ್ಕರೆ.

ವರ್ಷಗಳು ಸರಿದವು. ರುಮಾಲು ಎಲ್ಲರ ಮನೆಗೂ ಹೋಗಿಬಂತು, ಗುರುಲಿಂಗಪ್ಪನದೊಂದನ್ನು ಬಿಟ್ಟು. ಕೊನೆಯ ಆಟ ಅವನ ಮನೆಯಲ್ಲೇ ನಡೆಯಿತು. ಆ ವೇಳೆಗೆ ಅವನ ಹೆಂಡತಿ ನೀಲಮ್ಮನ ಕಣ್ಣು ಮಂಜಾಗಿತ್ತು. ಶಂಕರಪಾಳಿಯ ತಾಟು ಇಟ್ಟು ಹೊಸ್ತಿಲಲ್ಲೇ ನಿಂತು, “ಈ ಸಲರ ಗೆಲ್ಲರಿ. ಎಲ್ಲಾರ ಮನಿ ಗೂಟ ಕಂಡದ ಆ ರುಮಾಲ. ನಂಗ ಕಣ್ಣು ಕಾಣೂದ್ರಾಗ ನಮ್ಮ ಗೂಟಕ್ಕೂ ಬರಲಿ” ಎಂದಳು. ಎಲ್ಲರೂ ನಕ್ಕರು. ಗುರುಲಿಂಗಪ್ಪ ನಗಲಿಲ್ಲ. ಅಂದು ಅವನು ಆಡಿದ ಬಗೆಯೇ ಬೇರೆಯಾಗಿತ್ತು.

ಒಬ್ಬೊಬ್ಬರಾಗಿ ನಾವೆಲ್ಲ ಸೋತು ಹಿಂದೆ ಸರಿದೆವು. ಉಳಿದವರು ಅವನು ಮತ್ತು ವೈಜನಾಥ. ಗುರುಲಿಂಗಪ್ಪ ತನ್ನ ಎಲೆಗಳನ್ನು ನೋಡಿದ, ಬೋರಲು ಹಾಕಿದ, ಎರಡೂ ಕೈಯಿಂದ ತನ್ನ ಬೀಜದ ರಾಶಿಯಷ್ಟನ್ನೂ ನಡುವಿಗೆ ನೂಕಿದ. ವೈಜನಾಥನ ಹಣೆಯಲ್ಲಿ ಬೆವರು. ತನ್ನ ಎಲೆ ನೋಡುವನು, ರಾಶಿ ನೋಡುವನು. ಆಟದ ಕಾವಿನಲ್ಲಿ ಅವನ ಬಾಯಿಂದ ಜಾರಿಬಿಟ್ಟಿತು:

“ಏನದರಿ ಅಣ್ಣಾ, ಕೈಯಾಗ?”

ಈ ಸಲ ರಾಗವಿರಲಿಲ್ಲ, ಚೂಡಾ ಬರಲಿಲ್ಲ. ವೈಜನಾಥ ಬಾಯಿಗೆ ಕೈ ಅಡ್ಡ ಹಿಡಿದ. ಗುರುಲಿಂಗಪ್ಪ ಒಂದು ಕ್ಷಣ ಹೊಸ್ತಿಲ ಕಡೆ ನೋಡಿದ. ಆಮೇಲೆ ಶಾಂತವಾಗಿ ಹೇಳಿದ: “ಏನೂ ಇಲ್ಲೋ ವೈಜನಾಥ. ಖಾಲಿ ಕೈ.”

ಇನ್ನು ಉಳಿದದ್ದೇನು? ವೈಜನಾಥ “ತೋರಸು” ಎಂದರೆ ಆಟ ಅವನದು. ಆದರೆ ಕೇಳಬಾರದ್ದನ್ನು ಕೇಳಿದ ಪಶ್ಚಾತ್ತಾಪದಲ್ಲಿ, ಅಣ್ಣನ ಮನೆಗೆ ರುಮಾಲು ಸೇರಲಿ ಎಂಬ ಪ್ರೀತಿಯಲ್ಲಿ ಅವನು ತನ್ನ ಎಲೆ ಮಡಚಿಟ್ಟು, “ನಾ ಸೋತೆ, ಅಣ್ಣಾ” ಎಂದು ಕೈಮುಗಿದ.

ನಾವು ಭಲೇ ಎನ್ನುವಷ್ಟರಲ್ಲಿ ಗುರುಲಿಂಗಪ್ಪನ ಮುಖ ಕಪ್ಪಿಟ್ಟಿತು.

“ಖಾಲಿ ಅಂತ ಹೇಳೀನಿ. ಹೇಳಿದ ಮ್ಯಾಲೂ ಅಂಜಿ ಬಿಡ್ತೀ ಅಂದ್ರ... ನಾ ಸುಳ್ಳು ಹೇಳೀನಿ ಅಂತ ತಿಳಿದಿಯೇನು?”

“ಅಣ್ಣಾ, ಶಿವನಾಣಿ, ಅಂಜಿ ಅಲ್ರಿ. ನಿಮ್ಮ ಮ್ಯಾಲಿನ ಜೀವಕ್ಕ ಬಿಟ್ಟೆ.”

“ಜೀವ ಇದ್ರ ಕೇಳ್ತಿದ್ದಿಲ್ಲ” ಎಂದು ಅವನು ಎಲೆಗಳನ್ನು ಮಗುಚಿದ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬಡ ಎಲೆಗಳು. “ನೋಡ್ರಿ, ಎಲ್ಲಾರೂ ನೋಡ್ರಿ” ಎಂದ. ಊರೆಲ್ಲ ಬಾಯಿಮಾತಿಗೇ ನಂಬಿದವನು ಅಂದು ಗೆಳೆಯರ ಮುಂದೆ ಸಾಕ್ಷಿ ತೋರಿಸಿದ. ನೀಲಮ್ಮ ತಾಟು ಎತ್ತಿಕೊಂಡು ಒಳಗೆ ಹೋದಳು.

ಗುರುಲಿಂಗಪ್ಪ ಅಂದು ಸುತ್ತಿಸಿಕೊಳ್ಳದೆ ಬಿಟ್ಟ ರುಮಾಲನ್ನು ಮುಂದಿನ ಪಾಡ್ಯಕ್ಕೆ ವೈಜನಾಥ ಒಗೆದು ಮಡಚಿ ನನ್ನೊಡನೆ ಹುಮನಾಬಾದಿಗೆ ಬಂದ. ಗುರುಲಿಂಗಪ್ಪ ಚಹಾ ಕೊಟ್ಟ, ತೊಗರಿಯ ಪೈರಿನ ಬಗ್ಗೆ ಮಾತಾಡಿದ, ಮಕ್ಕಳ ಯೋಗಕ್ಷೇಮ ಕೇಳಿದ. ರುಮಾಲು ಮುಂದಿಟ್ಟಾಗ ಮಾತ್ರ, “ಅದು ಗೆದ್ದವರದು. ನೀವೇ ಇಟ್ಕೋರಿ” ಎಂದ. ಮಂಗ್ಯಾ ಎನ್ನುತ್ತಿದ್ದ ಬಾಯಿ ಹಾಗೆ ಮರ್ಯಾದೆ ಕೊಟ್ಟಿತು. ಮರಳುವ ಬಸ್ಸಿನಲ್ಲಿ ವೈಜನಾಥ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಯಾಣ ಬರುವವರೆಗೂ ಅದರ ಅಂಚು ನೀವುತ್ತಿದ್ದ. ಆಟವೂ ಅಲ್ಲಿಗೆ ನಿಂತಿತು.

ಕೆಲವು ವರ್ಷಗಳ ಮೇಲೆ, ಹೊಲಿಗೆ ಯಂತ್ರದ ಮುಂದೆ ಕುಳಿತಲ್ಲೇ ವೈಜನಾಥ ಶಿವಾಧೀನನಾದ. ನಮ್ಮವರ ಪದ್ಧತಿಯಂತೆ ಅವನನ್ನು ಕುಳ್ಳಿರಿಸಿ ವಿಭೂತಿ ಹಚ್ಚಿದ್ದರು. ಸುದ್ದಿ ತಿಳಿದು ಗುರುಲಿಂಗಪ್ಪ ಸಿಕ್ಕ ಲಾರಿ ಹತ್ತಿ ಬಂದ. ಮನೆಯವರನ್ನು ಕೇಳಿ ಆ ಕೆಂಪು ರುಮಾಲು ತರಿಸಿದ. ಸುತ್ತಿನ ಮೇಲೆ ಸುತ್ತು ಸರಿಪಡಿಸುತ್ತ, ತಾನೇ ಅವನ ತಲೆಗೆ ಸುತ್ತಿದ. ಮಣ್ಣು ಕೊಟ್ಟು ಬಂದು ತ್ರಿಪುರಾಂತ ಕೆರೆಯ ದಂಡೆಯಲ್ಲಿ ಕೂತಾಗ ನನ್ನನ್ನು ಕೇಳಿದ:

“ಮಾಸ್ತರ್ರ, ಅವತ್ತ ಅಂವಾ ನನ್ನ ಮಾತು ನಂಬಿದ್ದನೇನ್ರಿ?”

“ನಂಬಿದ್ದ, ಗುರುಲಿಂಗಪ್ಪ. ನಂಬಿದ್ದಕ್ಕೇ ಬಿಟ್ಟುಕೊಟ್ಟ.”

ಅವನು ನೀರಿನ ಕಡೆ ತಿರುಗಿದ. “ನಂಬಿದ್ರ ಗೆಲ್ಲಬೇಕಿತ್ತರಿ, ಹುಚ್ಚಪ್ಪ” ಎಂದ. ಬೈಗುಳ ಮರಳಿ ಬಂದಿತ್ತು, ಕೇಳಲು ವೈಜನಾಥನಿರಲಿಲ್ಲ. ಈಗ ಗುರುಲಿಂಗಪ್ಪನೂ ಇಲ್ಲ.

ಅಂದು ನಾನು ಸಮಾಧಾನದ ಮಾತನ್ನೇನೋ ಹೇಳಿದೆ. ಆದರೆ ಇಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ನೋವೇ ಎಂಬ ಮಾತು ಇಂದಿನವರೆಗೂ ನನ್ನ ಮನಸ್ಸಿನಿಂದ ಹೋಗಿರಲಿಲ್ಲ.

ಅಂಗಳದಲ್ಲಿ ಸೊಸೆ ಮೊರ ಎತ್ತಿಕೊಂಡು ಎದ್ದಳು. ಅಂಗೈಯಲ್ಲಿ ಬೀಜ ಬೆಚ್ಚಗಾಗಿತ್ತು. “ಅವ್ವಾ, ಆಗ ಸುಳ್ಳು ಹೇಳಿದೆ. ಗುಳಿಗಿ ತಗೊಂಡಿಲ್ಲ” ಎಂದೆ.

ಅವಳು ನಕ್ಕಳು. “ಚ್ಯಾಷ್ಟಿ ಮಾಡಬ್ಯಾಡ್ರಿ, ಮಾವಾ. ನೀವು ತಪ್ಪಸೋ ಮಂದಿ ಅಲ್ಲ, ನಂಗ ಗೊತ್ತದ.” ಹಾಗೆಂದು ಒಳಗೆ ನಡೆದಳು. ಎಷ್ಟು ಪ್ರೀತಿಯಿಂದ ಹೇಳಿದಳು! ಆದರೂ ನಾನು ನುಡಿದ ನಿಜವನ್ನು ಅವಳು ನಂಬಲಿಲ್ಲ. ಒಂದು ಗುಳಿಗೆಯ ಮಾತಿಗೇ ಇಷ್ಟು ನೋವು.

ಗೋಡೆ ಹಿಡಿದು ಎದ್ದೆ. ಗೂಡಿನಿಂದ ಗುಳಿಗೆ ತೆಗೆದು ನುಂಗಿದೆ. ಅದಿದ್ದ ಜಾಗದಲ್ಲಿ ಹುಣಸೆ ಬೀಜವನ್ನಿಟ್ಟು ಬಂದೆ.