ತುಟಿಯ ಗುಳ್ಳೆ, ಬೆನ್ನಿನ ಗುದ್ದು

ಜಗಳೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ಮಷಿನ್ನಿನ ಖಾನೆ ಎಳೆದರೆ ಸೂಜಿ, ಬಾಬಿನ್, ದಾರದ ಉಂಡೆಗಳ ನಡುವೆ ಸಣ್ಣದೊಂದು ಮುಲಾಮಿನ ಟ್ಯೂಬು ಸಿಗುತ್ತದೆ. ರವಿಕೆ ಹೊಲಿಸಲು ಬಂದವರು, 'ಇದೇನ್ರಿ ಇಲ್ಲಿ?' ಎನ್ನುತ್ತಾರೆ. ತುಟಿಗೆ ಎಂದರೆ ಮುಸಿಮುಸಿ ನಗುತ್ತಾರೆ. ಈ ವಯಸ್ಸಿನಲ್ಲಿ ಲಿಪ್‌ಸ್ಟಿಕ್ಕೇ ಎಂಬ ನಗು. ನಗಲಿ ಬಿಡಿ.

ಜ್ವರ ಬಂದರೆ, ಬಿಸಿಲಲ್ಲಿ ಅಲೆದರೆ, ನಿದ್ದೆಗೆಟ್ಟರೆ ನನ್ನ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಹೆಸರು: ಉಷ್ಣ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ನನಗೆ ಸಿಟ್ಟು ಬಂದರೆ ಅವ್ವನ ಪ್ರಕಾರ ಅದೂ ಉಷ್ಣವೇ. ಮಜ್ಜಿಗೆ ಕುಡಿ, ಬೆಣ್ಣೆ ಹಚ್ಚು, ಆಯಿತು. ಉಷ್ಣ ಎಂದ ಮೇಲೆ ಅದು ಅವರವರ ಮೈಯೊಳಗಿನದು. ಇನ್ನೊಬ್ಬರಿಗೆ ಹತ್ತುವ ಮಾತೇ ಇಲ್ಲ. ನಾನೂ ಹಾಗೆಯೇ ನಂಬಿದ್ದೆ.

ತಮ್ಮನಿಗೆ ಮದುವೆಯಾಗಿ ಬಹಳ ಕಾಲದ ಮೇಲೆ ಮಗಳು ಹುಟ್ಟಿದಳು. ನನಗೆ ಮಕ್ಕಳಿಲ್ಲ. ನಮ್ಮ ಕಡೆ ಕೂಸಿಗೆ ಕುಲಾವಿ ತರುವವಳು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದು ಹೆಸರು ಹೇಳುವವಳೂ ಅವಳೇ. ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಆ ಗುದ್ದಿಗಾಗಿ ನಾನೆಷ್ಟು ಕಾದಿದ್ದೆ ಎಂದು ಯಾರಿಗೂ ಹೇಳಿರಲಿಲ್ಲ.

ತೊಟ್ಟಿಲ ಶಾಸ್ತ್ರದ ವಾರವೇ ಮದುವೆ ಮನೆಯೊಂದರ ಅಳತೆ ತರಲು ಪಕ್ಕದ ಸೊಕ್ಕೆ ಊರಿಗೆ ಬಿಸಿಲಲ್ಲಿ ಹೋಗಿ ಬಂದೆ. ಸಂಜೆಗೆ ತುಟಿ ಚುರುಚುರು ಎಂದಿತು. ಬೆಣ್ಣೆ ಸವರಿಕೊಂಡು ಕುಲಾವಿ ಹೊಲಿಯುತ್ತ ಕೂತೆ. ತಮ್ಮನ ಹೆಂಡತಿಯ ತವರು ಸಾಸ್ವೆಹಳ್ಳಿಗೆ ಹೊರಡುವ ಹೊತ್ತಿಗೆ ಗುಳ್ಳೆಗಳು ಗೊಂಚಲು ಕಟ್ಟಿದ್ದವು. ಹೊನ್ನಾಳಿಯಲ್ಲಿ ಬಸ್ಸಿಳಿದು ಮೆಡಿಕಲ್ ಶಾಪಿನವರಿಗೆ ತುಟಿ ತೋರಿಸಿದೆ.

'ಯಾವಾಗಿಂದ ಐತ್ರಿ?'

'ಮೊನ್ನೆಯಿಂದ.'

'ಚುರುಚುರು ಅಂದ ಕೂಡ್ಲೆ ಈ ಮುಲಾಮು ಹಚ್ಚಬೇಕಿತ್ರಿ. ಈಗ ಹಚ್ಚಿದ್ರೆ ಸ್ವಲ್ಪ ಬೇಗ ಒಣಗಬಹುದು, ಅಷ್ಟೇ. ಹಚ್ಚಿದ ಮೇಲೆ ಕೈ ತೊಳ್ಕಳ್ರಿ.'

'ಅಷ್ಟೇ' ಎಂಬ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಔಷಧ ಸಿಕ್ಕಿತಲ್ಲ ಎಂದು ಅಲ್ಲೇ ಹಚ್ಚಿಕೊಂಡು, ಬಾಟಲಿ ನೀರಲ್ಲಿ ಕೈ ತೊಳೆದು ಹೊರಟೆ.

ಅವ್ವ ನನಗಿಂತ ಮೊದಲೇ ಬಂದಿದ್ದಳು. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದೆ. ತಮ್ಮನ ಹೆಂಡತಿ ನನ್ನ ತುಟಿ ನೋಡಿ ಕೂಸನ್ನು ಎದೆಗೆ ಒತ್ತಿಕೊಂಡಳು. 'ಒಂದ್ನಿಮಿಷ ತಡೀರಿ ಅಕ್ಕ' ಎಂದು ಕೂಸಿನ ಡಾಕ್ಟರಿಗೆ ಫೋನು ಹಚ್ಚಿದಳು.

'ಉಷ್ಣಕ್ಕೆ ಎದ್ದಿರೋದು ಕಣವ್ವ. ಅದೇನು ಅಂಟುರೋಗವಾ?' ಎಂದಳು ಅವ್ವ.

ಫೋನು ಇಟ್ಟ ತಮ್ಮನ ಹೆಂಡತಿ ನನ್ನ ಮುಖ ನೋಡಲಿಲ್ಲ. 'ಅಂಟ್ತೈತಂತೆ. ತಿಂಗಳು ತುಂಬದ ಕೂಸಿಗೆ ಹತ್ತಿದ್ರೆ ಜೀವಕ್ಕೇ ಅಪಾಯ ಅಂತೆ. ಮುದ್ದು ಕೊಡಾಕೆ, ಮುಖದ ಹತ್ರ ಬಾಯಿ ತರಾಕೆ ಹೋಗಬಾರ್ದಂತೆ.'

'ಮುಲಾಮು ಹಚ್ಚೀನಲ್ಲೇ!'

'ಹಚ್ಚಿದ್ರೂ ಅಷ್ಟೇ ಅಂತೆ ಅಕ್ಕ. ಹಕ್ಕಳೆ ಉದುರಿ ಪೂರ್ತಿ ಮಾಯೋ ತನಕ.'

ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಮೈಯೆಲ್ಲ ಉರಿಯಿತು. ಮೊದಲು ಅವಳ ಮೇಲೆ ಸಿಟ್ಟು ಬಂತು. ನಿನ್ನೆ ಮೊನ್ನೆ ತಾಯಿಯಾದವಳು ನನಗೆ ಹೇಳುತ್ತಾಳೆ! ಆದರೆ ಆ ಮಾತು ಹೇಳುವಾಗ ಅವಳು ನನ್ನ ಮುಖ ನೋಡಲಾರದೆ ಹೋದದ್ದನ್ನು ನಾನು ಗಮನಿಸಿದ್ದೆ. ಗಂಡನ ಅಕ್ಕನಿಗೆ, ಅದೂ ನನ್ನಂಥ ಸಿಡುಕಿಗೆ, ಬೇಡ ಎನ್ನುವುದು ಸುಲಭವೇ? ಕೂಸಿಗೆ ಅಷ್ಟು ಗಟ್ಟಿ ತಾಯಿ ಸಿಕ್ಕಿದ್ದಾಳೆ ಎನ್ನಿಸಿತು. ಎನ್ನಿಸಿದರೂ ಅಳು ನಿಲ್ಲಲಿಲ್ಲ. ಹೊತ್ತುಹೊತ್ತಿಗೆ ಮುಲಾಮು ಹಚ್ಚುತ್ತಲೇ ಇದ್ದೆ. ಬೆಳಗಾಗುವುದರೊಳಗೆ ಪವಾಡವಾದೀತೆಂದು ಆಸೆ.

ಪವಾಡವೇನೂ ಆಗಲಿಲ್ಲ. ಮಾರನೆಯ ದಿನ ಕುಲಾವಿಯನ್ನು ಬೇರೆಯವರ ಕೈಯಲ್ಲಿ ಕಳಿಸಿ ನಾನು ಬಾಗಿಲ ಹತ್ತಿರ ನಿಂತೆ. ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗಳು ತೊಟ್ಟಿಲಿಗೆ ಬಗ್ಗಿದಳು. ನಾನೇ ಆರಿಸಿದ್ದ ಹೆಸರು ಅವಳ ಬಾಯಿಂದ ಕೂಸಿನ ಕಿವಿಗೆ ಹೋಯಿತು. ಅಷ್ಟು ದೂರಕ್ಕೆ ನನಗೆ 'ಕುರ್ರ್' ಎಂಬುದಷ್ಟೇ ಕೇಳಿತು. ಹೆಂಗಸರು ನಗುತ್ತ ಕೈ ಎತ್ತಿದರು.

'ಆಕೀಗಲ್ರೀ!' ತಮ್ಮನ ಹೆಂಡತಿ ಕೂಗಿದಳು. ಬಾಣಂತಿ, ತಲೆಗೆ ಕಟ್ಟಿದ ಬಟ್ಟೆ ಜಾರಿದರೂ ಲೆಕ್ಕಿಸದೆ ಜನರ ನಡುವೆ ನುಗ್ಗಿ ಬಾಗಿಲಿಗೆ ಬಂದಳು. 'ಹೆಸರು ಯಾರು ಹೇಳಿದ್ರೇನು, ಅತ್ತೆ ಇಲ್ಲಿ ಅದಾಳೆ' ಎಂದವಳೇ ನನ್ನ ಬೆನ್ನಿಗೆ ಒಂದು ಗುದ್ದಿದಳು. ಹಿಂದೆಯೇ ಉಳಿದವರೂ ಬಂದರು. ಜೋರಾಗಿ ನಕ್ಕುಬಿಟ್ಟೆ. ತುಟಿ ಬಿರಿದು ರಕ್ತ ಬಂತು. ಸೆರಗಿನಿಂದ ಒತ್ತಿಕೊಂಡು, ಇನ್ನೂ ಗುದ್ದಲಿ ಎಂದು ಬೆನ್ನು ಬಗ್ಗಿಸಿ ನಿಂತೆ.