ಅರ್ಧ ಕಥೆಯ ಚಲಪತಿ ಸಾರ್

ಚಲಪತಿ ಸಾರ್ ಕೂತಿದ್ದನ್ನು ನಾನು ನೋಡಿದ್ದು ಬರೀ ಎರಡು ಸಲ. ಮಿಕ್ಕ ಅಷ್ಟೂ ವರ್ಷ ಅವರು ನಮ್ಮ ಮನೆಯ ಮುಂದೆ ನಿಂತೇ ಇದ್ದರು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಮೊಪೆಡ್ಡಿನ ಪೆಡಲ್ ಮೇಲೆ. ಎಂಜಿನ್ ಆಫ್ ಮಾಡುವ ಮಾತೇ ಇಲ್ಲ. ಕಾಫಿ ಕೊಟ್ಟರೆ ಹಾಗೇ ನಿಂತು ಕುಡಿದು, ಲೋಟ ಕಿಟಕಿಯಲ್ಲಿಟ್ಟು ಹೊರಟುಬಿಡುವವರು. "ಕೂತ್ಕೊಳ್ಳಿ ಸಾರ್, ನಮ್ಮ ಜಗಲಿ ಏನು ಕಚ್ಚುತ್ತಾ?" ಅಂತ ಅಮ್ಮ ರೇಗಿದರೆ, "ಕೂತ್ರೆ ಕಾಲು ಜೋಮು ಹಿಡಿಯುತ್ತಮ್ಮಾ. ನನ್ನ ಜಾತಕದಲ್ಲೇ ಕೂರೋ ಮನೆ ಖಾಲಿ" ಅನ್ನುವವರು.

ಅವರು ರೇಷ್ಮೆ ಇಲಾಖೆಯವರು. ನಮ್ಮ ಹುತ್ತೂರಿನ ಸುತ್ತ ಹುಳ ಸಾಕುವ ಮನೆಗಳಿಗೆ ಹೋಗಿ, ತಟ್ಟೆ ನೋಡಿ, ರೋಗಗೀಗ ಬಂದಿದ್ದರೆ ಏನು ಮಾಡಬೇಕೆಂದು ಹೇಳುವುದು ಅವರ ಕೆಲಸ. ಹುಟ್ಟಿದ್ದು ಮುಳಬಾಗಿಲಿನಲ್ಲಿ, ಪೂಜೆ ಶಾನುಭೋಗಿಕೆ ಮಾಡಿಕೊಂಡು ಬಂದ ಹಳೇ ಮನೆತನದಲ್ಲಿ. ಬಾಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಈ ಅರ್ಧ ಅನ್ನುವುದು ಬರೀ ಮಾತಿಗಲ್ಲ, ಆ ಮನುಷ್ಯ ಯಾವುದನ್ನೂ ಕೊನೆ ಮುಟ್ಟಿಸಿದವರಲ್ಲ. ಪುಸ್ತಕ ಅರ್ಧ ಓದುವವರು, ಸಿನಿಮಾ ಇಂಟರ್‌ವಲ್‌ತನಕ ನೋಡುವವರು, ಕ್ಯಾಸೆಟ್ಟಿನ ಒಂದೇ ಪಕ್ಕ ಕೇಳುವವರು. ಮಿಕ್ಕಿದ್ದನ್ನು ನಮಗೆ ಕೊಡುವವರು. ಓದಿ ನಿಲ್ಲಿಸಿದ ಪುಟದಲ್ಲಿ ಒಂದು ಹಿಪ್ಪುನೇರಳೆ ಎಲೆ ಇಟ್ಟು, "ಇಲ್ಲಿಂದ ನಿಂದು ಕಣಮ್ಮಾ ಮಂಜುಳಾ" ಅಂತ ಪುಸ್ತಕವನ್ನು ನನ್ನ ಕೈಗೆ ತುರುಕುವರು. ಮೊದಲರ್ಧ ಅವರು ಬಾಯಲ್ಲಿ ಹೇಳಿದ್ದಾಗಿರುತ್ತಿತ್ತು. ಎರಡನೇ ಅರ್ಧ ನಾನು ಓದಿ ಅವರಿಗೆ ಹೇಳಬೇಕು.

ಇಂಥವರಿಗೆ ನಾನು ಒಂದು ಸಲ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ಅವರು ಮಗಳ ಬಾಳಿನ ತೀರ್ಮಾನ ಮಾಡಿಬಿಟ್ಟರು. ಅದನ್ನು ಹೇಳದೆ ಅವರ ಬಗ್ಗೆ ಬೇರೇನು ಬರೆದರೂ ನನ್ನ ಎದೆಯ ಉರಿ ತಣ್ಣಗಾಗುವುದಿಲ್ಲ.

ನಮ್ಮ ಮನೆಯಲ್ಲಿ ತಿಂಗಳನ್ನು ಕ್ಯಾಲೆಂಡರಿನಲ್ಲಿ ನೋಡುತ್ತಿರಲಿಲ್ಲ. ಹುಳದ ಮೊಟ್ಟೆ ತಂದ ದಿನದಿಂದ ಗೂಡು ಬಿಡಿಸುವತನಕ ಒಂದು ಬೆಳೆ, ಅದೇ ಒಂದು ತಿಂಗಳು. ಅಷ್ಟರಲ್ಲಿ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಮೇವು ಬಿಟ್ಟು, ತಲೆಯೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಸೊಪ್ಪು ಹಾಕಿ ಹಾಕಿ ಸೊಂಟ ಬಿದ್ದುಹೋಗುತ್ತದೆ. ಆಮೇಲೆ ಹುಳ ಹಣ್ಣಾಗಿ, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಟ್ಟೆವೋ, ಅಬ್ಬಾ, ಎರಡು ಮೂರು ದಿನ ಬಿಡುವು. ಆ ಬಿಡುವಿನ ಮೊದಲ ಸಂಜೆ ಚಲಪತಿ ಸಾರ್ ಹಾಜರ್. ಗೋಡೆಗೆ ಒರಗಿಸಿದ ಚಂದ್ರಿಕೆಗಳ ಪಕ್ಕ ಜಗಲಿಯ ಮೇಲೆ ಅಮ್ಮ, ನಾನು, ಪಕ್ಕದ ಮನೆ ರತ್ನಕ್ಕ. "ಈ ಬೆಳೆಗೆ ಏನ್ ಓದಿದ್ರಿ, ಏನ್ ಕೇಳಿದ್ರಿ, ಏನ್ ನೋಡಿದ್ರಿ? ಬೇಗ ಬೇಗ ಹೇಳಿ, ಟೈಮಿಲ್ಲ."

ಸೊಪ್ಪು ಕತ್ತರಿಸುವಾಗ ರೇಡಿಯೋದಲ್ಲಿ ಕೇಳಿದ್ದ ನಾಟಕವನ್ನು ಅಮ್ಮ ಹೇಳುವಳು. ರತ್ನಕ್ಕ ಟೀವಿಯ ಧಾರಾವಾಹಿಯನ್ನು ಅತ್ತೆ ಸೊಸೆ ಇಬ್ಬರ ಗಂಟಲಲ್ಲೂ ಆಡಿ ತೋರಿಸುವಳು. ಯಾರು ಒಂದು ಕ್ಷಣ ಉಸಿರು ತೆಗೆದುಕೊಂಡರೂ ಸಾರ್ ಎಕ್ಸಲರೇಟರ್ ತಿರುವಿ, "ತರ್ವಾತ? ತರ್ವಾತ ಏಮೈಂದಿ?" ಅನ್ನುವರು. ಆಮೇಲೆ ಏನಾಯ್ತು ಅಂತ. ಅವರಿಗೆ ನಾವು ಇಟ್ಟ ಹೆಸರೇ ತರ್ವಾತ ಸಾರ್. ನಮ್ಮೂರಲ್ಲಿ ಕರೆಂಟು ಹೋಗಿ ಧಾರಾವಾಹಿ ಅರ್ಧಕ್ಕೆ ನಿಂತರೆ, ಮಾರನೇ ದಿನ ವೇಮಗಲ್‌ನಿಂದ ಮಿಕ್ಕಿದ್ದನ್ನು ಹೊತ್ತು ತರುವರು. "ಅಲ್ಲಿ ಕರೆಂಟಿತ್ತಂತೆ! ಆ ಸೊಸೆ ಬಾಗಿಲು ತೆಗೀಲೇ ಇಲ್ಲವಂತೆ ಕಣಮ್ಮಾ!" ಬೀದಿಯ ಆ ಕೊನೆಯಿಂದಲೇ ಕೂಗಿಕೊಂಡು ಬರುತ್ತಿದ್ದರು.

ಒಂದು ಸಲ ಬೆಳೆ ಚೆನ್ನಾಗಿ ಬಂತು ಅಂತ ನಮ್ಮ ಮೂವರನ್ನೂ ಕೋಲಾರಕ್ಕೆ ಮ್ಯಾಟಿನಿಗೆ ಕರೆದುಕೊಂಡು ಹೋದರು. ಅಲ್ಲೂ ಬಾಗಿಲ ಹತ್ತಿರ ನಿಂತೇ ನೋಡುತ್ತಿದ್ದವರು ಇಂಟರ್‌ವಲ್ ಬೆಲ್ ಹೊಡೆದದ್ದೇ ಹೊರಟರು. ಬೋಂಡ ತರೋಕೆ ಹೋದರು ಅಂದುಕೊಂಡೆವು. ಬೋಂಡದ ಪೊಟ್ಟಣ ಬಂತು, ತಂದದ್ದು ಥಿಯೇಟರಿನ ಗೇಟಿನವನು. ಸಾರ್ ಆಗಲೇ ಹೋಗಿಬಿಟ್ಟಿದ್ದರು. "ಯಪ್ಪಾ! ಪೂರ್ತಿ ಟಿಕೆಟ್ ತಗೊಂಡು ಅರ್ಧ ನೋಡೋ ಮನುಷ್ಯನ್ನ ನಾನೆಲ್ಲೂ ಕಾಣೆ. ಇವರ ಹೆಂಡ್ತಿ ಹೆಂಗೆ ಬಾಳ್ತಾಳೋ!" ಅಂತ ಅಮ್ಮ ಬೈಯುತ್ತಲೇ ಬೋಂಡ ತಿಂದಳು. ಆ ತಿಂಗಳ ಸಂಜೆ ವಿಲನ್ ಸತ್ತದ್ದನ್ನು ಅಮ್ಮನೇ ಅವರಿಗೆ ಎದ್ದು ನಿಂತು ಮಾಡಿ ತೋರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು!

ನನಗೆ ಆಗ ಇಪ್ಪತ್ತು. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟು ಮನೆಯಲ್ಲಿದ್ದೆ. ಮೂಗಿನ ತುದಿಯಲ್ಲೇ ಕೋಪ. ಯಾರು ಏನಂದರೂ ಸಿಡಿಯುತ್ತಿದ್ದೆ. ಆ ದಿನಗಳಲ್ಲೇ ಸಾರ್ ಒಂದು ದಪ್ಪ ಕಾದಂಬರಿ ತಂದರು. ಗಂಡನ ಮನೆಯಲ್ಲಿ ಏಟು ತಿಂದು ತಿಂದು ಸಾಕಾದ ಒಬ್ಬಳು ಒಂದು ಬೆಳಗ್ಗೆ ಬಟ್ಟೆಯ ಗಂಟು ಹಿಡಿದು ರೈಲ್ವೆ ಸ್ಟೇಷನ್ನಿಗೆ ಬಂದು ಕೂರುತ್ತಾಳೆ. ಒಂದು ರೈಲು ತವರಿಗೆ, ಇನ್ನೊಂದು ವಾಪಸ್ ಗಂಡನ ಊರಿಗೆ. ಎಲೆ ಇದ್ದದ್ದು ಅಲ್ಲಿ. ಕಥೆ ಹೇಳುವಾಗ ಸಾರ್ ಮೊಪೆಡ್ಡನ್ನು ಮುಂದಕ್ಕೆ ಹಿಂದಕ್ಕೆ ಉರುಳಿಸುತ್ತಲೇ ಇದ್ದರು. "ಇದನ್ನ ಬೇಗ ಓದಮ್ಮಾ. ಈ ಬೆಳೆಗೇ ಹೇಳಬೇಕು" ಅಂದರು. ಹಾಗೆ ಒತ್ತಾಯ ಮಾಡಿದ್ದು ಅದೇ ಮೊದಲು.

ನಾನು ಓದಲಿಲ್ಲ. ಆ ತಿಂಗಳು ಮಾಲೂರಿನಿಂದ ನನ್ನನ್ನು ನೋಡಲು ಬರುವವರಿದ್ದರು. ಬರುತ್ತಾರಂತೆ, ಬರುವುದಿಲ್ಲವಂತೆ, ಮುಂದಿನ ವಾರವಂತೆ. ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಪುಸ್ತಕ ತೆಗೆದರೆ ಅದೇ ಸಾಲು ಹತ್ತು ಸಲ. ಚಂದ್ರಿಕೆಯ ಸಂಜೆ ಬಂದಾಗ ಎಲೆ ಒಣಗಿತ್ತು, ಇದ್ದ ಪುಟದಲ್ಲೇ ಇತ್ತು. "ಓದಿಲ್ಲ ಸಾರ್" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಊರಿಗೆಲ್ಲ ಓದುವ ಹುಡುಗಿ ಅಂತ ಹೆಸರು ತೆಗೆದುಕೊಂಡವಳು ನಾನು. ರತ್ನಕ್ಕನ ಮುಂದೆ ಆ ಮಾತು ಬಾಯಿಗೆ ಬರಲಿಲ್ಲ, ಬಾಯಿಗೆ ಬಂದದ್ದನ್ನು ಹೇಳಿದೆ.

"ಅವಳು ಯಾವ ರೈಲೂ ಹತ್ತಲಿಲ್ಲ ಸಾರ್."

"ತರ್ವಾತ?"

"ಸ್ಟೇಷನ್ ಹತ್ತಿರವೇ ಒಂದು ರೂಮು ಮಾಡಿದಳು. ಬಟ್ಟೆ ಹೊಲಿಯೋದು ಕಲಿತಳು."

"ಗಂಡ ಕರೆಯೋಕೆ ಬರ್ಲಿಲ್ವಾ?"

"ಬಂದ. ಅವನ ಅಪ್ಪ ಅಮ್ಮನೂ ಬಂದರು. ಹೋಗಲಿಲ್ಲ."

"ತವರಿನೋರು?"

ಇದಕ್ಕೆ ನಾನು ತಯಾರಿರಲಿಲ್ಲ. "ಮೊದಮೊದಲು ಬೈದರು. ಆಮೇಲೆ ಅವಳಪ್ಪ ಒಂದು ದಿನ ಬಂದು ಅವಳು ಮಾಡಿದ ಅನ್ನ ಉಂಡುಕೊಂಡು ಹೋದ" ಅಂದೆ.

ಸಾರ್ ಎಂಜಿನ್ ಆಫ್ ಮಾಡಿದರು. ಮೊಪೆಡ್ ಸ್ಟ್ಯಾಂಡ್ ಹಾಕಿ ಬಂದು ಜಗಲಿಯ ಮೇಲೆ ಕೂತರು. ನಾನು ಕಂಡ ಮೊದಲನೇ ಸಲ. ಅಮ್ಮ ಕಾಫಿ ತಂದಳು, ಆರಿಹೋಯಿತು. ಚಂದ್ರಿಕೆಯಲ್ಲಿ ಹುಳಗಳು ತಲೆ ಆಡಿಸಿ ಆಡಿಸಿ ನೂಲು ಬಿಡುತ್ತಿದ್ದವು, ಅದನ್ನೇ ನೋಡುತ್ತಿದ್ದರು. ಆಮೇಲೆ "ಸರಿ ಕಣಮ್ಮಾ" ಅಂತಷ್ಟೇ ಹೇಳಿ ಎದ್ದುಹೋದರು.

ಹತ್ತು ದಿನ ಕಳೆದಿರಬೇಕು. ಮೊಟ್ಟೆ ತರಲು ಇಲಾಖೆಗೆ ಹೋಗಿದ್ದ ರತ್ನಕ್ಕ ಓಡಿಬಂದಳು. "ಲೇ ಮಂಜುಳಾ, ಕೇಳಿದ್ಯಾ? ಸಾರ್ ಮಗಳು ಪದ್ಮಾನ ಶ್ರೀನಿವಾಸಪುರಕ್ಕೆ ಕೊಟ್ಟಿದ್ರಲ್ಲ, ಅವಳು ಬಂದು ಎರಡು ತಿಂಗಳಾಯ್ತಂತೆ. ಕೈ ತುಂಬ ಬರೆಯಂತೆ. ವಾಪಸ್ ಕಳಿಸಿ ಅಂತ ಸಾರ್ ಅವರಣ್ಣ ಹಟ ಹಿಡಿದು ಕೂತ್ಬಿಟ್ಟಿದ್ರಂತೆ. ಇವರು ಕಳಿಸಲ್ಲ ಅಂದ್ರಂತೆ! ಕಥೇಲೂ ಒಬ್ಬಳು ಹೋಗಲಿಲ್ಲ, ಬದುಕಿದಳು, ನನ್ನ ಮಗಳೂ ಬದುಕ್ತಾಳೆ ಅಂದ್ರಂತೆ. ಅಣ್ಣ ತಮ್ಮಂದಿರಿಗೆ ಮಾತೇ ಇಲ್ಲವಂತೆ ಈಗ."

ನಾನು ಒಳಗೋಡಿ ಪುಸ್ತಕ ತೆಗೆದೆ. ಅವತ್ತು ಒಲೆ ಮೇಲಿಟ್ಟ ಹಾಲನ್ನೂ ಮರೆತು ಕೊನೆತನಕ ಓದಿದೆ. ಅವಳು ವಾಪಸ್ ಹೋಗುವ ರೈಲು ಹತ್ತುತ್ತಾಳೆ. ಗಂಡನ ಕಾಲು ಹಿಡಿಯುತ್ತಾಳೆ. ಅವನು ಬದಲಾಗುತ್ತಾನೆ. ಕೊನೇ ಪುಟದಲ್ಲಿ ಅವಳು ಅವನಿಗೆ ಹಬ್ಬದ ಎಣ್ಣೆನೀರು ಹಾಕುತ್ತಾಳೆ. ಥೂ, ಏನು ಕೊನೆಯೋ ಅದು! ಆದರೆ ಪುಸ್ತಕದಲ್ಲಿ ಇದ್ದದ್ದು ಅದೇ. ದೊಡ್ಡವರು ತಿಳಿದು ಬರೆದದ್ದು ನಿಜವಾಗಿದ್ದು ನನ್ನದು ಸುಳ್ಳಾದರೆ? ನಾಳೆ ಪದ್ಮಾ ಬಾಳು ಹಾಳಾದರೆ ಆ ಪಾಪ ಯಾರ ತಲೆಗೆ?

ಮುಂದಿನ ಬೆಳೆಗೆ ಹೇಳಿಬಿಡಬೇಕು ಅಂತ ಗಟ್ಟಿ ಮಾಡಿಕೊಂಡೆ. ಸಾರ್ ಬಂದರು, ಎಂದಿನಂತೆ ಡುರ್ ಡುರ್. "ಆ ಪುಸ್ತಕ ಎಲ್ಲಮ್ಮಾ?" ಅಂದರು. ಅದು ರಾಗಿ ಡ್ರಮ್ಮಿನ ಹಿಂದೆ ಇತ್ತು. ನಾನು ಅಂದದ್ದು, "ಇಲಿ ಕಡಿದುಹಾಕ್ತು ಸಾರ್."

ಅವರು ನನ್ನ ಮುಖ ನೋಡಿದರು. "ಒಳ್ಳೇ ಇಲಿ" ಅಂದು ನಕ್ಕು ಗಾಡಿ ಮುಂದೆ ಬಿಟ್ಟರು. ನನಗೆ ಅಳು ಬಂದುಬಿಟ್ಟಿತು.

ಆಮೇಲೂ ಅವರು ಬಂದರು, ಪುಸ್ತಕಗಳು ಬಂದವು. ನಾನು ಒಂದೊಂದು ಸಾಲನ್ನೂ ಬಿಡದೆ ಓದಿದೆ. ಮಗಳ ಸುದ್ದಿ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮದುವೆಯಾಗಿ ಮಾಲೂರಿಗೆ ಹೋದಮೇಲೂ ಆ ಕಾದಂಬರಿ ನನ್ನ ಟ್ರಂಕಿನಲ್ಲೇ ಬಂತು. ಬಟ್ಟೆ ತೆಗೆಯುವಾಗಲೆಲ್ಲ ಕೈಗೆ ಸಿಗುತ್ತಿತ್ತು. ಏಳು ವರ್ಷ ಅದನ್ನು ಹಾಗೇ ಇಟ್ಟುಕೊಂಡಿದ್ದೆ.

ಸಾರ್‌ಗೆ ಲಕ್ವ ಹೊಡೆದಿದೆ ಅಂತ ಅಮ್ಮ ಫೋನ್ ಮಾಡಿದಾಗ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಮುಳಬಾಗಿಲಿನ ಅವರ ಮನೆಗೆ ಹೊರಟೆ. ಬಾಗಿಲು ತೆಗೆದದ್ದು ಪದ್ಮಾ. ಕನ್ನಡಕ, ಕೈಯಲ್ಲಿ ಸೀಮೆಸುಣ್ಣದ ಪುಡಿ. ನರ್ಸರಿ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. ಸುಖವಾಗಿದ್ದಾಳಾ ಅಂತ ನನಗೆ ಗೊತ್ತಾಗಲಿಲ್ಲ. ಯಾರಿಗೂ ಹೆದರುವವಳ ಹಾಗಂತೂ ಕಾಣಲಿಲ್ಲ. "ಒಳಗೆ ಬನ್ನಿ, ಜಾಸ್ತಿ ಮಾತಾಡಿಸ್ಬೇಡಿ" ಅಂತ ಗದರಿಸಿಯೇ ಕರೆದಳು.

ಸಾರ್ ಕುರ್ಚಿಯಲ್ಲಿ ಕೂತಿದ್ದರು. ಎರಡನೇ ಸಲ. ಬಲಗಡೆ ಪೂರ್ತಿ ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು. "ನೋಡಮ್ಮಾ, ನಾಲ್ಕನೇ ಜ್ವರಕ್ಕೆ ಕೂತಿದೀನಿ" ಅಂದರು. ನಗಬೇಕೋ ಅಳಬೇಕೋ! ಪುಸ್ತಕ ತೆಗೆದು ಅವರ ಮಡಿಲಿಗಿಟ್ಟು, ಉಸಿರು ಬಿಡದೆ ಎಲ್ಲಾ ಹೇಳಿಬಿಟ್ಟೆ. ಓದದೇ ಇದ್ದದ್ದು, ಬಾಯಿಗೆ ಬಂದದ್ದು, ಇಲಿ.

ಅವರು ಎಡಗೈಯಲ್ಲಿ ರಟ್ಟು ಸವರಿದರು. "ಗೊತ್ತು ಕಣಮ್ಮಾ. ನೀನು ಹೇಳಿದ ಮಾರನೇ ದಿನವೇ ಲೈಬ್ರರಿಗೆ ಹೋಗಿ ಇದೇ ಪುಸ್ತಕ ಇನ್ನೊಂದು ತಗೊಂಡೆ. ಮಗಳ ವಿಷಯ ನೋಡು, ಅರ್ಧಕ್ಕೆ ಬಿಡೋಕಾಗ್ಲಿಲ್ಲ. ಹುಟ್ಟಿದಾಗಿಂದ ನಾನು ಕೊನೆತನಕ ಓದಿದ್ದು ಅದೊಂದೇ."

"ಓದಿಯೂ..."

"ಬರೆದವನು ಅವಳನ್ನ ವಾಪಸ್ ಕಳಿಸಿದ. ಸೊಪ್ಪು ಕುಯ್ಯೋ ಹುಡುಗಿ ನೀನು, ಕಳಿಸ್ಲಿಲ್ಲ. ಹೆತ್ತಪ್ಪ ನಾನು, ನಾನೇನ್ ಮಾಡ್ಬೇಕು ಅಂತ ಎರಡು ರಾತ್ರಿ ಯೋಚನೆ ಮಾಡ್ದೆ. ಆಮೇಲೇ ಅಣ್ಣನ ಹತ್ರ ಮಾತಾಡಿದ್ದು."

"ಏಳು ವರ್ಷ ಸಾರ್! ಏಳು ವರ್ಷ ಬೆಂದುಹೋದೆ ನಾನು. ಒಂದು ಮಾತು ಹೇಳಬಾರದಿತ್ತಾ?" ಸಿಟ್ಟಿನಲ್ಲಿ ನನ್ನ ದನಿ ಏರಿ ಪದ್ಮಾ ಬಾಗಿಲಿಗೆ ಬಂದಳು.

"ನೀನೂ ಒಂದು ಮಾತು ಕೇಳಬಹುದಿತ್ತಲ್ಲಮ್ಮಾ" ಅಂದರು ಸಾರ್. ಅರ್ಧ ಮುಖದಲ್ಲೇ ನಕ್ಕರು. ಆಮೇಲೆ, "ಅದು ಬಿಡು. ಈ ತಿಂಗಳು ಏನ್ ಓದಿದೆ?"

ಓದಿದ್ದೆ. ಹೊಸದೊಂದು ಕಾದಂಬರಿ, ಕೊನೆತನಕ. ಹೇಳುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಕೇಳಿದರು. ಅರ್ಧ ಆಗುವಷ್ಟರಲ್ಲಿ ನನ್ನ ಕಣ್ಣು ಗಡಿಯಾರದ ಕಡೆ. ಮಗು ಸ್ಕೂಲಿಂದ ಬಂದಿರುತ್ತದೆ, ಕೋಲಾರದ ಬಸ್ಸು ಹಿಡಿದು ಅಲ್ಲಿ ಮತ್ತೆ ಮಾಲೂರಿನ ಬಸ್ಸು ಹಿಡಿಯಬೇಕು. ಎದ್ದು ನಿಂತು ಬ್ಯಾಗ್ ಹೆಗಲಿಗೆ ಹಾಕಿಕೊಂಡೆ.

"ತರ್ವಾತ?" ಅಂದರು ಸಾರ್. "ಕೂತ್ಕೋಮ್ಮಾ. ತರ್ವಾತ?"

"ಮಿಕ್ಕಿದ್ದು ಮುಂದಿನ ತಿಂಗಳು ಬಂದು ಹೇಳ್ತೀನಿ ಸಾರ್, ಬಸ್ಸು ಹೋಗುತ್ತೆ" ಅಂದು ಬಂದುಬಿಟ್ಟೆ. ಆ ತಿಂಗಳು ತುಂಬುವ ಮೊದಲೇ ಅವರು ಹೋದರು.

ಆ ಬಸ್ಸು ಹೋದರೆ ಅರ್ಧ ಗಂಟೆಗೆ ಇನ್ನೊಂದು ಬಸ್ಸು ಇತ್ತು. ನನಗೆ ಗೊತ್ತಿತ್ತು.